ಮಕ್ಕಳಾಗದಿದ್ದರೆ ತಪಾಸಣೆ ಇಬ್ಬರಿಗೂ ಬೇಕು

“ಏನಮ್ಮಾ, ಇನ್ನೂ ಏನೂ ವಿಶೇಷವಿಲ್ಲವೇ?” ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಸೊಸೆಯ ಕಿವಿಗೆ ಬೀಳುವ ಪ್ರಶ್ನೆ ಇದು. ಇನ್ನೊಂದು ವರ್ಷ ಕಳೆದರೆ ಹರಕೆ, ಉಪವಾಸ, ಅರಳೀಕಟ್ಟೆಯ ಪ್ರದಕ್ಷಿಣೆ. ಆಮೇಲೆ ಆಸ್ಪತ್ರೆ. ಅಲ್ಲಿಗೂ ಬರುವವಳು ಅವಳೇ. ಜೊತೆಗೆ ತಾಯಿಯೋ ಅತ್ತೆಯೋ ಇರುತ್ತಾರೆ. ಗಂಡನನ್ನು ಯಾರೂ ಏನೂ ಕೇಳುವುದಿಲ್ಲ. ‘ಬಂಜೆ’ ಎಂಬ ಮಾತು ಕೂಡ ಹೆಣ್ಣಿಗೇ ಮೀಸಲು.

ವೈದ್ಯಶಾಸ್ತ್ರ ಹೇಳುವುದೇ ಬೇರೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ತೊಂದರೆಯೇ ಕಾರಣ, ಇಲ್ಲವೇ ಕಾರಣದಲ್ಲಿ ಅದಕ್ಕೂ ಪಾಲಿರುತ್ತದೆ.

ಎಷ್ಟು ಸಾಮಾನ್ಯ?

ಗರ್ಭನಿರೋಧಕಗಳನ್ನು ಬಳಸದೆ ಒಂದು ವರ್ಷ ನಿಯಮಿತವಾಗಿ ದಾಂಪತ್ಯ ನಡೆಸಿಯೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನ ಎನ್ನುತ್ತಾರೆ. ನೂರರಲ್ಲಿ ಸುಮಾರು 85 ದಂಪತಿಗಳಿಗೆ ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಆದ್ದರಿಂದ ಮೂರು ತಿಂಗಳಿಗೇ ಗಾಬರಿಯಾಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಆರರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಘಟ್ಟದಲ್ಲಿ ಈ ತೊಂದರೆ ಕಂಡವರು. ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ.

ಕಾರಣಗಳೇನು?

ಹೆಂಗಸರಲ್ಲಿ ಮುಖ್ಯ ಕಾರಣ ಅಂಡಾಶಯದಿಂದ ಅಂಡ ಸರಿಯಾಗಿ ಬಿಡುಗಡೆಯಾಗದಿರುವುದು. ಪಿ.ಸಿ.ಓ.ಎಸ್. ಎಂದು ಹೆಸರಾದ ತೊಂದರೆ, ಥೈರಾಯ್ಡ್ ದೋಷ, ಅತಿ ಬೊಜ್ಜು ಇದಕ್ಕೆ ದಾರಿಯಾಗುತ್ತವೆ. ಮುಟ್ಟು ಎರಡು ಮೂರು ತಿಂಗಳು ತಪ್ಪುತ್ತಿದ್ದರೆ ಅದು ಎಚ್ಚರಿಕೆಯ ಸೂಚನೆ. ಸೋಂಕಿನಿಂದ ಗರ್ಭನಾಳ ಮುಚ್ಚಿಕೊಳ್ಳುವುದು ಇನ್ನೊಂದು ಕಾರಣ. ನಮ್ಮ ದೇಶದಲ್ಲಿ ಜನನಾಂಗದ ಕ್ಷಯವನ್ನೂ ಮರೆಯುವಂತಿಲ್ಲ; ಕೆಮ್ಮು, ಜ್ವರ ಇಲ್ಲದೆಯೂ ಅದು ಒಳಗೇ ನಾಳವನ್ನು ಕೆಡಿಸಬಲ್ಲದು.

ಗಂಡಸರಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆಯಿರಬಹುದು, ಚಲನೆ ಮಂದವಾಗಿರಬಹುದು. ವೃಷಣದ ಸುತ್ತಲಿನ ರಕ್ತನಾಳಗಳು ಉಬ್ಬುವುದು, ಪ್ರಾಯಕ್ಕೆ ಬಂದ ಮೇಲೆ ತಗಲಿದ ಮಂಗನಬಾವು ವೃಷಣಕ್ಕೂ ಇಳಿಯುವುದು, ಲೈಂಗಿಕ ರೋಗಗಳು, ಬೀಡಿ–ಸಿಗರೇಟು, ಅತಿ ಮದ್ಯಪಾನ ಇದಕ್ಕೆ ಕಾರಣವಾಗಬಹುದು. ಮೈಕಟ್ಟು ಬೆಳೆಸಲು ತೆಗೆದುಕೊಳ್ಳುವ ಹಾರ್ಮೋನು ಚುಚ್ಚುಮದ್ದು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಿಬಿಡಬಲ್ಲದು. ಒಂದು ಮಾತು ನೆನಪಿರಲಿ: ವೀರ್ಯಾಣು ಕಡಿಮೆ ಎಂದರೆ ಗಂಡಸ್ತನ ಕಡಿಮೆ ಎಂದಲ್ಲ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದವರಲ್ಲೂ ಈ ದೋಷ ಇರಬಹುದು.

ಕೆಲವು ದಂಪತಿಗಳಲ್ಲಿ ಎಲ್ಲ ಪರೀಕ್ಷೆಗಳು ಮುಗಿದರೂ ಕಾರಣ ತಿಳಿಯುವುದಿಲ್ಲ. ಅಂಥವರಿಗೂ ಚಿಕಿತ್ಸೆ ಉಂಟು.

ಏನು ಮಾಡಬೇಕು?

ಒಂದು ವರ್ಷ ಕಾದು ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳೇ ಸಾಕು. ಆ ವಯಸ್ಸಿನ ನಂತರ ಗರ್ಭ ನಿಲ್ಲುವ ಸಾಧ್ಯತೆ ಬೇಗ ಇಳಿಯುತ್ತದೆ. ಮುಟ್ಟು ಏರುಪೇರಾಗಿದ್ದರೆ ಕಾಯಲೇಬೇಡಿ.

ವೀರ್ಯ ಪರೀಕ್ಷೆ ನೋವಿಲ್ಲದ್ದು, ಖರ್ಚೂ ಕಡಿಮೆ. ಅದನ್ನು ಬಿಟ್ಟು ಹೆಂಡತಿಗೆ ಮಾತ್ರ ಒಂದರ ಮೇಲೊಂದು ಪರೀಕ್ಷೆ ಮಾಡಿಸುತ್ತಾ ವರ್ಷಗಳನ್ನು ಕಳೆಯುವುದು ಅನ್ಯಾಯ. ಫಲಿತಾಂಶ ಸರಿಯಿಲ್ಲದಿದ್ದರೆ ಎದೆಗುಂದಬೇಡಿ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಸುಮಾರು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ.

ಇನ್ನೊಂದು ತಿಳಿವಳಿಕೆ. ಬಿಡುಗಡೆಯಾದ ಅಂಡ ಒಂದು ದಿನವಷ್ಟೇ ಬದುಕಿರುತ್ತದೆ. ವೀರ್ಯಾಣು ಐದು ದಿನಗಳವರೆಗೂ ಇರಬಲ್ಲದು. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಮುಟ್ಟಿನ ಮೊದಲ ದಿನದಿಂದ ಎಣಿಸಿ 10ರಿಂದ 15ನೇ ದಿನದವರೆಗೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚು.

ಜಾಹೀರಾತಿನ ‘ಗ್ಯಾರಂಟಿ’ ಔಷಧಿಗಳಿಗೆ ಹಣ ಸುರಿಯಬೇಡಿ. ಪ್ರನಾಳ ಶಿಶು ಚಿಕಿತ್ಸೆಯವರೆಗೂ ಹೋಗಬೇಕಾದರೆ ಆ ಕೇಂದ್ರ 2021ರ ಕಾಯಿದೆಯಂತೆ ನೋಂದಣಿಯಾಗಿದೆಯೇ ಎಂದು ವಿಚಾರಿಸಿ.

ಮನೆಯ ಹಿರಿಯರಲ್ಲಿ ಒಂದು ಬಿನ್ನಹ: ಸೊಸೆಯನ್ನು ಪ್ರಶ್ನಿಸುವ ಬದಲು, ಅವಳ ಜೊತೆ ಆಸ್ಪತ್ರೆಗೆ ಹೋಗುವಂತೆ ಮಗನಿಗೆ ಹೇಳಿ.