ಗರ್ಭಕೋಶದ ಅಪಧಮನಿ ಎಂಬೊಲೈಸೇಷನ್‌ನ ಅಡ್ಡಪರಿಣಾಮಗಳು

ಗರ್ಭಕೋಶದ ಅಪಧಮನಿ ಎಂಬೊಲೈಸೇಷನ್ ಎಂಬುದು ಗರ್ಭಕೋಶದ ನಾರುಗಡ್ಡೆಗಳಿಗೆ (ಫೈಬ್ರಾಯ್ಡ್) ರಕ್ತ ಒದಗಿಸುವ ನಾಳಗಳನ್ನು ಮುಚ್ಚಿ, ಗಡ್ಡೆಗಳು ಕುಗ್ಗುವಂತೆ ಮಾಡುವ ಚಿಕಿತ್ಸೆ. ನಾರುಗಡ್ಡೆಗಳಿಗೆ ಇದನ್ನು ಬಳಸಿದ ಬಗ್ಗೆ ಫ್ರಾನ್ಸಿನ ವೈದ್ಯ ಜಾಕ್ ರವಿನಾ ಮತ್ತು ಸಂಗಡಿಗರು 1995ರಲ್ಲಿ ವರದಿ ಪ್ರಕಟಿಸಿದರು. ಹೊಟ್ಟೆಯನ್ನು ಕೊಯ್ಯದೆ, ಗರ್ಭಕೋಶವನ್ನು ಉಳಿಸಿಕೊಂಡು ನಡೆಸುವ ಚಿಕಿತ್ಸೆಯಾದರೂ ಇದಕ್ಕೆ ಅಡ್ಡಪರಿಣಾಮಗಳಿವೆ. ಅವುಗಳಲ್ಲಿ ಹೆಚ್ಚಿನವು ತಾವಾಗಿಯೇ ಶಮನವಾಗುತ್ತವೆ. ಕೆಲವಕ್ಕೆ ತುರ್ತು ಚಿಕಿತ್ಸೆ ಬೇಕಾಗುತ್ತದೆ.

ವಿಧಾನ

ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಯೊಳಗೆ ತೆಳುವಾದ ನಳಿಕೆಯನ್ನು (ಕ್ಯಾತಿಟರ್) ತೂರಿಸಿ, ಎಕ್ಸ್-ರೇ ಚಿತ್ರಗಳ ನೆರವಿನಿಂದ ಅದನ್ನು ಗರ್ಭಕೋಶದ ಎರಡೂ ಪಕ್ಕದ ಅಪಧಮನಿಗಳಿಗೆ ಒಯ್ಯಲಾಗುತ್ತದೆ. ಅಲ್ಲಿ ಮಿಲಿಮೀಟರಿಗಿಂತ ಚಿಕ್ಕದಾದ ಕಣಗಳನ್ನು ಹರಿಯಬಿಟ್ಟಾಗ ಗಡ್ಡೆಗಳಿಗೆ ರಕ್ತ ಹರಿಯುವುದು ನಿಲ್ಲುತ್ತದೆ.

ಸಾಮಾನ್ಯ ಪರಿಣಾಮಗಳು

ರಕ್ತವಿಲ್ಲದೆ ಗಡ್ಡೆಯ ಅಂಗಾಂಶ ಸಾಯುವುದರಿಂದ ಕಿಬ್ಬೊಟ್ಟೆ ನೋವು, ಲಘು ಜ್ವರ, ವಾಕರಿಕೆ ಮತ್ತು ಆಯಾಸ ಕಾಣಿಸಿಕೊಳ್ಳುತ್ತವೆ. ಇದನ್ನು ಎಂಬೊಲೈಸೇಷನ್ ನಂತರದ ಲಕ್ಷಣಕೂಟ ಎನ್ನುತ್ತಾರೆ. ನೋವು ಮೊದಲ 24 ಗಂಟೆಗಳಲ್ಲಿ ಅತಿ ತೀವ್ರವಾಗಿದ್ದು, ಮುಂದಿನ ದಿನಗಳಲ್ಲಿ ಕ್ರಮೇಣ ಇಳಿಯುತ್ತದೆ. ಕೆಲವು ವಾರಗಳವರೆಗೆ ಯೋನಿಸ್ರಾವವೂ ಇರಬಹುದು. ನಳಿಕೆ ಸೇರಿಸಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಚರ್ಮ ಕಂದುವುದುಂಟು.

ಅಪರೂಪದ, ಗಂಭೀರ ಪರಿಣಾಮಗಳು

ಗರ್ಭಕೋಶದ ಒಳಪದರಕ್ಕೆ ಹತ್ತಿರವಿರುವ ಗಡ್ಡೆಯು ವಾರಗಳ ಅಥವಾ ತಿಂಗಳುಗಳ ನಂತರ ಕಳಚಿ ಯೋನಿಯ ಮೂಲಕ ಹೊರಬರಬಹುದು. ಅದು ಒಳಗೇ ಸಿಕ್ಕಿಕೊಂಡರೆ ರಕ್ತಸ್ರಾವ ಮತ್ತು ಸೋಂಕು ಉಂಟಾಗುತ್ತವೆ. ಸೋಂಕು ಹತೋಟಿಗೆ ಬಾರದಿದ್ದಲ್ಲಿ ಗರ್ಭಕೋಶವನ್ನೇ ತೆಗೆಯಬೇಕಾಗುವ ಸಂದರ್ಭಗಳೂ ಇವೆ. ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆಯೂ ವಿರಳವಾಗಿ ವರದಿಯಾಗಿದೆ.

ಅಂಡಾಶಯ ಮತ್ತು ಗರ್ಭಧಾರಣೆ

ಗರ್ಭಕೋಶದ ಮತ್ತು ಅಂಡಾಶಯದ ರಕ್ತನಾಳಗಳಿಗೆ ಪರಸ್ಪರ ಸಂಪರ್ಕವಿರುವುದರಿಂದ ಕೆಲವು ಕಣಗಳು ಅಂಡಾಶಯವನ್ನೂ ತಲುಪಬಹುದು. ಇದರಿಂದ ಮುಟ್ಟು ಶಾಶ್ವತವಾಗಿ ನಿಲ್ಲುವ ಸಂಭವವು 45 ವರ್ಷ ಮೀರಿದವರಲ್ಲಿ ಹೆಚ್ಚು, ಕಿರಿಯರಲ್ಲಿ ಕಡಿಮೆ. ಚಿಕಿತ್ಸೆಯ ನಂತರ ಗರ್ಭ ಧರಿಸಿದವರಿದ್ದರೂ ಗರ್ಭಪಾತದ ಅಪಾಯ ಹೆಚ್ಚಬಹುದೆಂದು ಅಧ್ಯಯನಗಳು ಸೂಚಿಸುತ್ತವೆ. ಆದುದರಿಂದ ಮಕ್ಕಳನ್ನು ಬಯಸುವವರಿಗೆ, ಸಾಧ್ಯವಿದ್ದಲ್ಲಿ, ಗಡ್ಡೆಯನ್ನು ಮಾತ್ರ ತೆಗೆಯುವ ಶಸ್ತ್ರಚಿಕಿತ್ಸೆಯನ್ನು (ಮಯೋಮೆಕ್ಟಮಿ) ಸಾಮಾನ್ಯವಾಗಿ ಸೂಚಿಸಲಾಗುತ್ತದೆ.

ಎಚ್ಚರಿಕೆಯ ಲಕ್ಷಣಗಳು

ಆರಂಭದ ಲಘು ಜ್ವರ ನಿರೀಕ್ಷಿತವೇ ಆದರೂ, ಇಳಿದ ಜ್ವರ ಮತ್ತೆ ಏರುವುದು, ನೋವು ತಗ್ಗುವ ಬದಲು ಹೆಚ್ಚುವುದು, ದುರ್ವಾಸನೆಯ ಸ್ರಾವ ಹಾಗೂ ಅತಿ ರಕ್ತಸ್ರಾವ ಅಪಾಯದ ಸೂಚನೆಗಳು. ಸೋಂಕು ವಾರಗಳು ಕಳೆದ ಮೇಲೂ ತಲೆದೋರಬಲ್ಲದು. ಆಸ್ಪತ್ರೆಯಿಂದ ಮನೆಗೆ ಮರಳಿ ಬಹುದಿನಗಳಾಗಿದ್ದರೂ ಇಂತಹ ಲಕ್ಷಣಗಳು ಕಂಡಾಗ ತಡಮಾಡದೆ ವೈದ್ಯರನ್ನು ಕಾಣುವುದು ಅಗತ್ಯ. ಉಸಿರಾಟದ ತೊಂದರೆ, ಎದೆನೋವು ಅಥವಾ ಒಂದು ಕಾಲಿನ ಊತ ಕಾಣಿಸಿದರೆ ಕೂಡಲೇ ತುರ್ತು ಚಿಕಿತ್ಸೆ ಪಡೆಯಬೇಕು.