ನಿಂತ ಗಾಡಿ ಯಾವತ್ತೂ ಒಳ್ಳೇ ಗಾಡಿನೇ

ಸಂತೇಬೆನ್ನೂರು ಇನ್ನೇನು ಹತ್ತಿರ ಬಂತು ಅನ್ನುವಷ್ಟರಲ್ಲಿ ಒಂದು ತಿರುವು. ಎಡಗಡೆ ಚಕ್ರ ಸಣ್ಣ ಗುಂಡಿಗೆ ಇಳಿಯಿತು. ನಾನು ಸ್ಟೇರಿಂಗ್ ಅಲುಗಿಸಿಯೇ ಇರಲಿಲ್ಲ, ಕಾರು ತಾನಾಗಿಯೇ ಬಲಕ್ಕೆ ಎಳೆಯಿತು. ಎದುರಿಗೆ ಅಡಿಕೆ ಚೀಲ ತುಂಬಿದ ಟೆಂಪೊ. ಹೇಗೋ ಎಡಕ್ಕೆ ತಂದೆ. ಪಕ್ಕದಲ್ಲಿ ಕೂತಿದ್ದ ಅಮ್ಮ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದಿದ್ದಳು. ಬೈಯಲಿಲ್ಲ. ಊರು ಮುಟ್ಟುವವರೆಗೂ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಯಾಕೆಂದರೆ ತಪ್ಪು ಯಾರದ್ದು ಎಂದು ನನಗೆ ಗೊತ್ತಿತ್ತು. ಅದಕ್ಕೆ ಮೂರು ವಾರ ಮೊದಲು, ಅಪ್ಪ ಅಕ್ಕನ ಮನೆಗೆ ಹೋಗಿದ್ದಾಗ, ನಾನೂ ಗೆಳೆಯನೂ ಸೇರಿ ಅಪ್ಪನ ಹಳೇ ಕಾರನ್ನು ‘ಲೋ’ ಮಾಡಿದ್ದೆವು. ಮುಂದಿನ ಎರಡೂ ಸ್ಪ್ರಿಂಗ್ ಬಿಚ್ಚಿ ಕಟಿಂಗ್ ಮಷಿನ್‌ನಲ್ಲಿ ಒಂದೂವರೆ ಸುತ್ತು ಕತ್ತರಿಸಿ ಮತ್ತೆ ಕೂರಿಸಿದೆವು. ಕಾರು ಸುಮಾರು 2 ಇಂಚು ಇಳಿಯಿತು. ಫೋಟೊಗೆ ಲೈಕ್ ಬಂದವು. ಊರಿಂದ ಬಂದ ಅಪ್ಪನಿಗೆ ‘ಸ್ಪ್ರಿಂಗ್ ಹಳೇದಾಗಿದೆ, ಕುಸಿದಿದೆ’ ಎಂದು ಹೇಳಿದೆ. ಆಟೊಮೊಬೈಲ್ ಡಿಪ್ಲೊಮಾ ಓದಿದ ಮಗ ಹೇಳಿದ ಮೇಲೆ ಅಪ್ಪ ಮರುಪ್ರಶ್ನೆ ಹಾಕಲಿಲ್ಲ.

ಆ ತಿರುವಿನ ನಂತರ ರಿಪೇರಿ ಶುರುವಾಯಿತು. ರಿಪೇರಿ ಅನ್ನುವುದಕ್ಕಿಂತ ಊಹೆ ಅನ್ನಬೇಕು. ಮೊದಲು ಗಾಳಿ ಸರಿ ಮಾಡಿಸಿದೆ. ಆಮೇಲೆ ವೀಲ್ ಬ್ಯಾಲೆನ್ಸಿಂಗ್. ಆಮೇಲೆ ಎರಡೂ ಕಡೆ ಹೊಸ ಟೈ ರಾಡ್ ಎಂಡ್. ಕೊನೆಗೆ ವೀಲ್ ಅಲೈನ್‌ಮೆಂಟ್. ಕಂಪ್ಯೂಟರ್ ಪರದೆಯಲ್ಲಿ ಟೋ ಅಂಕಿ ಹಸಿರು ಬಣ್ಣಕ್ಕೆ ಬಂದಾಗ ನಿಟ್ಟುಸಿರು ಬಿಟ್ಟೆ. ಶಾಪ್‌ನಿಂದ ಹೊರಬಿದ್ದು ಮೊದಲ ಹಂಪ್ ಹತ್ತಿದಾಗ ಸ್ಟೇರಿಂಗ್ ಮತ್ತೆ ಜಗ್ಗಿತು. ಟ್ಯೂಷನ್ ಹೇಳಿ ಕೂಡಿಸಿದ್ದ ದುಡ್ಡು ಖಾಲಿ, ರೋಗ ಇದ್ದಲ್ಲೇ ಇದೆ.

ನಾಚಿಕೆ ಬಿಟ್ಟು ದಾವಣಗೆರೆಯ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿನ ಉಸ್ತಾದ್ ಕಾರಿನ ಬಾನೆಟ್ ಎತ್ತಲಿಲ್ಲ, ಕೆಳಗೆ ಮಲಗಲೂ ಇಲ್ಲ. ‘ತಮ್ಮಾ, ಈ ತೊಂದ್ರೆ ಶುರುವಾಗೋಕೆ ಮುಂಚೆ ಗಾಡೀಲಿ ಕೊನೆಗೆ ಮುಟ್ಟಿದ್ದು ಏನನ್ನ?’ ಎಂದರು. ‘ಟೈ ರಾಡ್ ಎಂಡ್’ ಎಂದೆ. ‘ಅದು ಆಮೇಲೆ ಮುಟ್ಟಿದ್ದು. ನಾ ಕೇಳ್ತಿರೋದು ಮುಂಚೆ.’ ಸುಮ್ಮನಾದೆ. ಅವರು ಟೈರಿನ ಒಳ ಅಂಚಿಗೆ ಕೈ ಸವರಿದರು. ಹೊರಗಡೆ ಹೊಸದರಂತಿದ್ದ ಟೈರು ಒಳಗಡೆ ನುಣ್ಣಗಾಗಿತ್ತು. ‘ಸ್ಪ್ರಿಂಗ್ ಕತ್ತರಿಸಿದ್ದೀಯ’ ಎಂದರು. ತಲೆ ಆಡಿಸಿದೆ.

ಆದರೂ ಅವರು ಅಲ್ಲಿಗೇ ತೀರ್ಪು ಕೊಡಲಿಲ್ಲ. ಜಾಕಿ ಕೊಟ್ಟು ಚಕ್ರ ಎತ್ತಿಸಿ, ಗಡಿಯಾರದ 9 ಮತ್ತು 3 ಇರುವ ಜಾಗ ಹಿಡಿದು ಅಲುಗಿಸು ಎಂದರು. ಅಲ್ಲಿ ಆಟ ಸಿಕ್ಕರೆ ಟೈ ರಾಡ್ ಅಥವಾ ಸ್ಟೇರಿಂಗ್ ರ‍್ಯಾಕ್ ಮೇಲೆ ಅನುಮಾನ. ಆಮೇಲೆ 12 ಮತ್ತು 6. ಅಲ್ಲಿ ಆಟ ಇದ್ದರೆ ಬಾಲ್ ಜಾಯಿಂಟ್ ಇಲ್ಲವೇ ವೀಲ್ ಬೇರಿಂಗ್. ಎರಡರಲ್ಲೂ ಆಟ ಇರಲಿಲ್ಲ. ಸ್ಟೇರಿಂಗ್ ಕೊನೆಯವರೆಗೂ ತಿರುಗಿಸಿ ನೋಡಿದರು. ಎಲ್ಲೂ ಬಿಗಿ ಹಿಡಿಯಲಿಲ್ಲ, ಹಾಗಾಗಿ ಸ್ಟ್ರಟ್ ಮೇಲಿನ ಬೇರಿಂಗ್ ಕೂಡ ಸರಿ. ಒಂದೊಂದನ್ನೇ ಹೀಗೆ ಪಟ್ಟಿಯಿಂದ ಹೊಡೆದು ಹಾಕುತ್ತಾ ಬಂದರು. ನಾನು ಹೊಸ ಭಾಗ ತಂದು ಹಾಕಿ ಪರೀಕ್ಷಿಸಿದ್ದನ್ನು ಅವರು ಕೈಯಿಂದ ಹತ್ತು ನಿಮಿಷದಲ್ಲಿ ಪರೀಕ್ಷಿಸಿದ್ದರು.

ನಂತರ ಮಾಡಿದ್ದನ್ನು ಕಾಲೇಜಿನ ಮೂರು ವರ್ಷದಲ್ಲಿ ನಾನು ನೋಡಿರಲಿಲ್ಲ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಂದು ಕಡೆಯ ಸ್ಪ್ರಿಂಗ್ ತೆಗೆದು ಸ್ಟ್ರಟ್ ಮಾತ್ರ ಮತ್ತೆ ಕೂರಿಸಿದರು. ಸ್ಟೇರಿಂಗ್ ನೇರ ಇಟ್ಟು ಲಾಕ್ ಮಾಡಿದರು. ಚಕ್ರದ ಪಕ್ಕ ಉದ್ದಕ್ಕೆ ಒಂದು ದಾರ ಎಳೆದು ಕಟ್ಟಿದರು. ಲೋಯರ್ ಆರ್ಮ್ ಕೆಳಗೆ ಜಾಕಿ ಕೊಟ್ಟು ಚಕ್ರವನ್ನು ನಿಧಾನಕ್ಕೆ ಮೇಲೆತ್ತುತ್ತಾ ಹೋದರು. ರಿಮ್ಮಿನ ಮುಂದಿನ ಅಂಚು ಮತ್ತು ಹಿಂದಿನ ಅಂಚು ದಾರದಿಂದ ಎಷ್ಟು ದೂರ ಇದೆ ಎಂದು ಅಳೆದು ಬರೆಯುವುದು ನನ್ನ ಕೆಲಸ. ಕಂಪನಿ ಇಟ್ಟ ಎತ್ತರದ ಆಸುಪಾಸಿನಲ್ಲಿ ಎರಡು ಅಳತೆಗಳ ವ್ಯತ್ಯಾಸ ಹೆಚ್ಚೂಕಡಿಮೆ ಬದಲಾಗಲೇ ಇಲ್ಲ. ನಾನು ಇಳಿಸಿದ್ದ ಎತ್ತರ ದಾಟಿದ ಮೇಲೆ ಪ್ರತಿ ಇಂಚಿಗೂ ಬದಲಾಗುತ್ತಾ ಹೋಯಿತು. ಸ್ಟೇರಿಂಗ್ ಲಾಕ್ ಆಗಿದೆ, ಆದರೂ ಕಣ್ಣೆದುರೇ ಚಕ್ರ ತಿರುಗುತ್ತಿದೆ!

ಇದಕ್ಕೆ ‘ಬಂಪ್ ಸ್ಟೀರ್’ ಎನ್ನುತ್ತಾರೆ. ಚಕ್ರ ಮೇಲೆ ಕೆಳಗೆ ಆಡುವಾಗ ಲೋಯರ್ ಆರ್ಮ್ ಒಂದು ಕಮಾನು ಬರೆಯುತ್ತದೆ, ಟೈ ರಾಡ್ ಇನ್ನೊಂದು ಕಮಾನು ಬರೆಯುತ್ತದೆ. ಕಾರು ತಯಾರಾಗುವಾಗ ನಿಗದಿಯಾದ ಎತ್ತರದಲ್ಲಿ ಇವೆರಡೂ ಒಂದೇ ನೊಗದ ಎತ್ತುಗಳ ಹಾಗೆ ಜೊತೆಯಾಗಿ ನಡೆಯುವಂತೆ ಉದ್ದ, ಕೋನ ಎಲ್ಲ ಲೆಕ್ಕ ಹಾಕಿರುತ್ತಾರೆ. ಕಾರು ಇಳಿಸಿದರೆ ಎರಡರ ಕೋನವೂ ಬದಲಾಗಿ ಹೆಜ್ಜೆ ತಪ್ಪುತ್ತದೆ. ಆಗ ಪ್ರತಿ ಗುಂಡಿಯಲ್ಲೂ ಟೈ ರಾಡ್ ಚಕ್ರವನ್ನು ಎಳೆಯುತ್ತದೆ ಇಲ್ಲವೇ ತಳ್ಳುತ್ತದೆ. ಜೊತೆಗೆ, ಸುತ್ತು ಕಡಿಮೆಯಾದ ಸ್ಪ್ರಿಂಗ್ ಮೊದಲಿಗಿಂತ ಗಡುಸಾಗುತ್ತದೆ. ಮೇಲೇಳಲು ಜಾಗವೂ ಕಡಿಮೆ ಇರುವುದರಿಂದ ಸ್ಟ್ರಟ್ ಬೇಗ ಬಂಪ್ ಸ್ಟಾಪ್‌ಗೆ ಹೋಗಿ ಬಡಿಯುತ್ತದೆ. ಆ ತಿರುವಿನಲ್ಲಿ ನನಗೆ ಆಗಿದ್ದು ಇವೆಲ್ಲ ಸೇರಿಯೇ.

‘ಹಾಗಾದ್ರೆ ಅಲೈನ್‌ಮೆಂಟ್‌ನಲ್ಲಿ ಸರಿ ತೋರಿಸ್ತಲ್ಲ ಉಸ್ತಾದ್?’ ಎಂದೆ. ‘ಆ ಮಷಿನ್ ಗಾಡಿ ನಿಂತಾಗ ಅಳೆಯುತ್ತೆ. ನಿಂತ ಗಾಡಿ ಯಾವತ್ತೂ ಒಳ್ಳೇ ಗಾಡಿನೇ ತಮ್ಮಾ’ ಎಂದು ನಕ್ಕರು.

ಟೈ ರಾಡ್ ಎಂಡ್ ಕೂರುವ ಎತ್ತರ ಬದಲಿಸಿ ಕಮಾನುಗಳನ್ನು ಮತ್ತೆ ಹೊಂದಿಸುವ ದಾರಿ ರೇಸ್ ಕಾರುಗಳಲ್ಲಿ ಇದೆ. ಆದರೆ ನಮ್ಮದು ಅಮ್ಮ ಕೂತು ಓಡಾಡುವ ಕಾರು. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿನ್ಯಾಸಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಶಿಕ್ಷೆ ಮಾಲೀಕರಿಗೆ. ಅಂದರೆ ನಾನು ಮಾಡಿದ್ದಕ್ಕೆ ಸಿಕ್ಕಿಬೀಳಬೇಕಾದವರು ಅಪ್ಪ.

ಅಂದು ರಾತ್ರಿ ಅಪ್ಪನಿಗೆ ನಿಜ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಕತ್ತರಿಸಿದ್ದಕ್ಕಲ್ಲ, ಕುಸಿದಿದೆ ಅಂದೆಯಲ್ಲ ಅದಕ್ಕೆ ಬೇಜಾರು’ ಎಂದರು. ಹೊಸ ಸ್ಪ್ರಿಂಗ್ ಜೋಡಿ, ಬಂಪ್ ಸ್ಟಾಪ್, ಎರಡು ಟೈರ್ ಹಾಕಿ, ಎಲ್ಲಕ್ಕಿಂತ ಕೊನೆಗೆ ಅಲೈನ್‌ಮೆಂಟ್ ಮಾಡಿಸಿದೆವು. ಆ ಖರ್ಚು ತೀರಿಸಲು ಉಸ್ತಾದರ ಗ್ಯಾರೇಜಿನಲ್ಲೇ ಎರಡು ತಿಂಗಳು ಕೆಲಸ ಮಾಡಿದೆ. ಅಲ್ಲಿ ಬಂದ ಪ್ರತಿ ಗಿರಾಕಿಗೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ತೊಂದರೆ ಶುರುವಾಗುವ ಮುಂಚೆ ಏನು ಬದಲಾಯಿತು?

ಕಳೆದ ತಿಂಗಳು ಒಂದು ಸರ್ವಿಸ್ ಸೆಂಟರ್‌ನ ಇಂಟರ್‌ವ್ಯೂನಲ್ಲಿ, ‘ಸ್ಟೇರಿಂಗ್ ಒಂದು ಕಡೆ ಎಳೆದರೆ ಮೊದಲು ಏನು ಬದಲಿಸುತ್ತೀರಿ?’ ಎಂದು ಕೇಳಿದರು. ‘ಏನನ್ನೂ ಬದಲಿಸಲ್ಲ ಸರ್, ಮೊದಲು ಕೇಳ್ತೀನಿ’ ಎಂದೆ. ಫಲಿತಾಂಶ ಇನ್ನೂ ಬಂದಿಲ್ಲ.

ಕಾರು ಈಗ ನೆಟ್ಟಗೆ ಓಡುತ್ತದೆ. ಆದರೆ ಸಂತೇಬೆನ್ನೂರಿನ ಆ ತಿರುವು ಬಂದಾಗ ಅಮ್ಮನ ಕೈ ಈಗಲೂ ತಾನಾಗಿಯೇ ಡ್ಯಾಶ್‌ಬೋರ್ಡ್‌ಗೆ ಹೋಗುತ್ತದೆ. ಅದನ್ನು ಸರಿ ಮಾಡುವ ಪಾನಾ ನನ್ನ ಹತ್ತಿರ ಇಲ್ಲ. ಆ ಗುಂಡಿ ಬಂದಾಗ ನಿಧಾನಕ್ಕೆ ಓಡಿಸುತ್ತೇನೆ, ಅಷ್ಟೆ.