ಲೋಡಿಗಾಗಿ ಕಾಯುವ ಹೊತ್ತು

ಒಮಾನಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಮಸ್ಕತ್‌ನ ವಾದಿ ಕಬೀರ್‌ನಲ್ಲಿ ಟ್ರೇಲರ್ ನಿಲ್ಲಿಸಿ, ಮುಖ ತೊಳೆದು ಫೋನ್ ಕೈಗೆತ್ತಿಕೊಳ್ಳುವಾಗ ಅಲ್ಲಿ ರಾತ್ರಿ ಒಂಬತ್ತೂವರೆಯಾಗಿದ್ದರೆ ಬಂಟ್ವಾಳದಲ್ಲೂ ಭಟ್ಕಳದಲ್ಲೂ ಹನ್ನೊಂದು. ಮಕ್ಕಳು ಮಲಗಿರುತ್ತಾರೆ, ಹೆಂಡತಿ ನಿದ್ದೆಗಣ್ಣಿನಲ್ಲಿ ಹೂಂಗುಟ್ಟುತ್ತಾಳೆ. ರಜೆಯ ದಿನವೂ ಕೂಡಿಬರುವುದಿಲ್ಲ. 2013ರ ಮೇ ತಿಂಗಳಿಂದ ಒಮಾನಿನ ವಾರಾಂತ್ಯ ಶುಕ್ರವಾರ ಮತ್ತು ಶನಿವಾರ. ಶುಕ್ರವಾರ ಅಪ್ಪನಿಗೆ ಬಿಡುವು ಸಿಕ್ಕರೆ ಮಕ್ಕಳು ಶಾಲೆಯಲ್ಲಿ. ಭಾನುವಾರ ಮಕ್ಕಳು ಮನೆಯಲ್ಲಿದ್ದರೆ ಅಪ್ಪ ಸೊಹಾರ್ ದಾರಿಯಲ್ಲಿ. ಗಲ್ಫ್‌ನ ಟ್ರಕ್ ಚಾಲಕರ ಒಂಟಿತನದ ಮಾತು ಬಂದಾಗ ನಾವು ಮರುಭೂಮಿಯನ್ನು ನೆನೆಯುತ್ತೇವೆ. ಆದರೆ ಆ ಒಂಟಿತನದ ಬಹುಪಾಲು ಇರುವುದು ಹೀಗೆ ಒಂದಕ್ಕೊಂದು ತಾಳೆಯಾಗದ ಹೊತ್ತುಗಳಲ್ಲಿ.

ವಾದಿ ಕಬೀರ್ ಇರುವುದು ರೂವಿಯ ಮಗ್ಗುಲಲ್ಲಿ, ಒಣಗಿದ ಕಂದು ಗುಡ್ಡಗಳ ನಡುವೆ. ಗ್ಯಾರೇಜು, ಟಯರ್ ಅಂಗಡಿ, ಬಿಡಿಭಾಗಗಳ ಮಳಿಗೆ ತುಂಬಿದ ಇಲ್ಲಿನ ಕೈಗಾರಿಕಾ ಪ್ರದೇಶವನ್ನು ದುಡಿಯುವವರು ‘ಸನಾಯಿಯಾ’ ಎನ್ನುತ್ತಾರೆ. ಹಳೆಯ ಕಾರು, ಮನೆಸಾಮಾನುಗಳ ಶುಕ್ರವಾರದ ಸಂತೆಗೂ ಈ ಜಾಗ ಹೆಸರಾಗಿತ್ತು. ಇಲ್ಲೇ ಇಂಡಿಯನ್ ಸ್ಕೂಲ್ ಅಲ್ ವಾದಿ ಅಲ್ ಕಬೀರ್ ಇದೆ. ಅದರ ಸಮವಸ್ತ್ರ ತೊಟ್ಟ ಭಾರತೀಯ ಮಕ್ಕಳು ದಿನವೂ ಇದೇ ರಸ್ತೆಗಳಲ್ಲಿ ಓಡಾಡುತ್ತಾರೆ. ಹೆಂಡತಿ ಮಕ್ಕಳನ್ನು ಕರೆಸಿಕೊಂಡು, ಮನೆ ಬಾಡಿಗೆ, ಶಾಲಾ ಶುಲ್ಕ ಕಟ್ಟುವಷ್ಟು ಸಂಬಳ ಟ್ರಕ್ ಚಾಲಕರಲ್ಲಿ ಹೆಚ್ಚಿನವರಿಗಿಲ್ಲ. ಬೇರೆಯವರ ಮಕ್ಕಳು ಶಾಲೆಯಿಂದ ಮನೆಗೆ ಹೋಗುವುದನ್ನು ನೋಡುತ್ತಾ ಗಾಡಿ ದಾಟಿಸುವುದೂ ಅವರ ಕೆಲಸದ ಭಾಗವೇ ಆಗಿಬಿಟ್ಟಿದೆ.

ಒಂದು ಕಾಲಕ್ಕೆ ಬಂದರು ಪಕ್ಕದಲ್ಲೇ ಇತ್ತು. ಮತ್ರಾದ ಸುಲ್ತಾನ್ ಕಾಬೂಸ್ ಬಂದರಿಗೆ ಇಲ್ಲಿಂದ ಕೆಲವೇ ನಿಮಿಷಗಳ ದಾರಿ. 2014ರಲ್ಲಿ ಅಲ್ಲಿನ ವಾಣಿಜ್ಯ ಸರಕಿನ ವಹಿವಾಟು ಸೊಹಾರ್ ಬಂದರಿಗೆ ಹೋಯಿತು. ಮತ್ರಾ ಪ್ರವಾಸಿ ಹಡಗುಗಳಿಗೆ ಉಳಿಯಿತು. ಸೊಹಾರ್ ಇಲ್ಲಿಂದ 200 ಕಿ.ಮೀ.ಗೂ ಆಚೆ. ದಕ್ಷಿಣದ ಸಲಾಲಾಕ್ಕಾದರೆ ಸುಮಾರು 1,000 ಕಿ.ಮೀ. ಆದಂ ಪಟ್ಟಣ ಕಳೆದ ಮೇಲೆ ಹೈಮಾ, ಅಲ್ಲಿಂದ ತುಮ್ರೈತ್. ನಡುವಿನ ಜಿದ್ದತ್ ಅಲ್ ಹರಾಸಿಸ್ ಬಯಲಿನಲ್ಲಿ ಮರಳ ದಿಬ್ಬವೂ ಇಲ್ಲ. ಕಣ್ಣು ಹಾಯುವವರೆಗೆ ಜಲ್ಲಿ ಹರಡಿದಂಥ ಸಪಾಟು ನೆಲ, ಅದರ ನಡುವೆ ನೇರ ರಸ್ತೆ. ತಿರುವಿಲ್ಲದ ಇಂಥ ದಾರಿಯಲ್ಲಿ ಕಣ್ಣು ತೆರೆದೇ ಇದ್ದರೂ ಮನಸ್ಸು ಜೊಂಪಿಗೆ ಜಾರುತ್ತದೆ. ರಾತ್ರಿಯಲ್ಲಿ ಒಂಟೆಗಳು ಅಡ್ಡ ಬರುತ್ತವೆ. 2021ರ ಡಿಸೆಂಬರ್‌ನಲ್ಲಿ ರುಬ್ ಅಲ್ ಖಾಲಿ ಮರುಭೂಮಿಯನ್ನು ಸೀಳಿಕೊಂಡು ಸೌದಿ ಅರೇಬಿಯಾಕ್ಕೆ ನೇರ ರಸ್ತೆಯೂ ತೆರೆಯಿತು. ದೂರ ಕಡಿಮೆಯಾಯಿತು, ನಿರ್ಜನ ಹಾದಿ ಇನ್ನೊಂದು ಹೆಚ್ಚಾಯಿತು.

ಆದರೂ ಗಾಡಿ ಓಡುತ್ತಿರುವಷ್ಟು ಹೊತ್ತು ಮನುಷ್ಯ ಹೇಗೋ ಗಟ್ಟಿಯಾಗಿರುತ್ತಾನೆ. ಕೈಗೆ ಕೆಲಸವಿದೆ, ಕಣ್ಣಿಗೆ ಗುರಿಯಿದೆ. ಅವನನ್ನು ಕುಗ್ಗಿಸುವುದು ಕಾಯುವಿಕೆ. ಬಂದರಿನ ಗೇಟಿನ ಸಾಲು, ಗಡಿಯಲ್ಲಿ ಕಾಗದ ಪತ್ರ, ಗ್ಯಾರೇಜಿನಲ್ಲಿ ಬಿಡಿಭಾಗ ಬರುವ ತನಕದ ನಿಲುಗಡೆ, ಮಸ್ಕತ್‌ನ ದಟ್ಟಣೆಯ ವೇಳೆ ಟ್ರಕ್‌ಗಳಿಗೆ ಮುಖ್ಯರಸ್ತೆಯಲ್ಲಿ ಪ್ರವೇಶವಿಲ್ಲದ ತಾಸುಗಳು. ಹೊರಗಿನವರಿಗೆ ಇದು ವಿಶ್ರಾಂತಿಯಂತೆ ಕಾಣುತ್ತದೆ, ಆದರೆ ವಿಶ್ರಾಂತಿ ಅಲ್ಲ. ಯಾವ ಕ್ಷಣದಲ್ಲಾದರೂ ಫೋನ್ ಬರಬಹುದು, ಹಾಗಾಗಿ ನಿದ್ದೆ ಹತ್ತುವುದಿಲ್ಲ. ಲೋಡಿನ ಜವಾಬ್ದಾರಿ ತನ್ನದು, ಹಾಗಾಗಿ ಗಾಡಿ ಬಿಟ್ಟು ಹೋಗುವಂತಿಲ್ಲ. ಟ್ರಿಪ್ ಲೆಕ್ಕದಲ್ಲಿ ಭತ್ಯೆ ಕೊಡುವ ಕಡೆ ನಿಂತ ಗಾಡಿಗೆ ಕಾಸಿಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕ್ಯಾಬಿನ್ನಿನೊಳಗೆ ಮಲಗುವುದೇ ಒಂದು ಹೋರಾಟ. 2018ರ ಜೂನ್ 26ರಂದು ಮಸ್ಕತ್‌ಗೆ ಹತ್ತಿರದ ಕುರಿಯಾತ್‌ನಲ್ಲಿ ರಾತ್ರಿಯ ಉಷ್ಣಾಂಶವೂ 42.6 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗಿಳಿಯಲಿಲ್ಲ ಎಂದರೆ, ನಿಂತ ಲಾರಿಯ ಒಳಗನ್ನು ಊಹಿಸಿಕೊಳ್ಳಬಹುದು.

ರಸ್ತೆ ಸಾರಿಗೆ ಕಾರ್ಮಿಕರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1979ರಲ್ಲಿ ರೂಪಿಸಿದ 153ನೇ ಒಪ್ಪಂದ ಸತತ ನಾಲ್ಕು ಗಂಟೆಗಿಂತ ಹೆಚ್ಚು ಗಾಡಿ ಓಡಿಸಬಾರದು, ದಿನಕ್ಕೆ ಒಂಬತ್ತು ಗಂಟೆ ಮೀರಬಾರದು, ಒಟ್ಟಿಗೆ ಹತ್ತು ಗಂಟೆಯ ಬಿಡುವು ಸಿಗಬೇಕು ಎನ್ನುತ್ತದೆ. ‘ಒಟ್ಟಿಗೆ’ ಎಂಬುದು ಮುಖ್ಯ. ಅರ್ಧರ್ಧ ಗಂಟೆಯಾಗಿ ಚೂರುಚೂರು ಸಿಕ್ಕ ಬಿಡುವು ದೇಹವನ್ನೂ ತಣಿಸುವುದಿಲ್ಲ, ಮನೆಯವರೊಡನೆ ನಾಲ್ಕು ಮಾತಿಗೂ ಒದಗುವುದಿಲ್ಲ. ಇಷ್ಟು ಗಂಟೆಯ ತನಕ ಲೋಡ್ ಇಲ್ಲ, ಮಲಗು ಎಂದು ಸಾರಿಗೆ ಕಂಪನಿಯವರು ಮೊದಲೇ ತಿಳಿಸಿದರೆ ಅದೇ ಕಾಯುವಿಕೆ ರಜೆಯಾಗುತ್ತದೆ. ಇದಕ್ಕೆ ಒಂದು ಬೈಸಾ ಖರ್ಚಿಲ್ಲ.

ಈ ಹೊತ್ತನ್ನು ಚಾಲಕರು ಕಳೆಯುವ ದಾರಿಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಅಡುಗೆ. ಖುಬ್ಬೂಸ್, ಪರೋಟ, ಚಹಾ ಹೆದ್ದಾರಿಯ ಹೋಟೆಲುಗಳಲ್ಲಿ ಸಿಗುತ್ತವೆ, ನಿಜ. ಆದರೆ ಗಾಡಿಯ ನೆರಳಿನಲ್ಲಿ ಸಣ್ಣ ಗ್ಯಾಸ್ ಒಲೆ ಹಚ್ಚಿ, ಊರಿಂದ ತಂದ ಮಸಾಲೆಪುಡಿ ಹಾಕಿ ಮೀನು ಸಾರು ಕುದಿಸಿದಾಗ ಪಕ್ಕದ ಗಾಡಿಯ ಪಾಕಿಸ್ತಾನಿಯೋ ಬಾಂಗ್ಲಾದವನೋ ತಟ್ಟೆ ಹಿಡಿದು ಬರುತ್ತಾನೆ. ಭಾಷೆ ಅರ್ಧಂಬರ್ಧ ಹಿಂದಿ. ಒಬ್ಬನೇ ಉಂಡರೆ ಹತ್ತು ನಿಮಿಷದಲ್ಲಿ ಮುಗಿಯುವ ಊಟ ಜೊತೆಗಾರನಿದ್ದರೆ ಗಂಟೆ ಎಳೆಯುತ್ತದೆ. ಆ ಒಂದು ಗಂಟೆಯ ಮಟ್ಟಿಗೆ ಅವರಿಬ್ಬರೂ ಒಂಟಿಗಳಲ್ಲ.

ಇನ್ನೊಂದು, ಕಿವಿಯ ಸಂಗಾತಿ. ಸಿನಿಮಾ ಹಾಡು ಐದು ನಿಮಿಷಕ್ಕೆ ಮುಗಿಯುತ್ತದೆ, ಮೊಬೈಲಿನ ಚುಟುಕು ವಿಡಿಯೊ ಅರೆ ನಿಮಿಷಕ್ಕೆ. ಒಂದಾದ ಮೇಲೊಂದು ನೂರು ನೋಡಿದರೂ ಮನಸ್ಸು ಮೊದಲಿಗಿಂತ ಖಾಲಿಯಾಗಿರುತ್ತದೆ. ನಮ್ಮ ಕರಾವಳಿಯವರ ಕೈಯಲ್ಲಿ ಅದಕ್ಕಿಂತ ಉತ್ತಮವಾದದ್ದು ಇದೆ: ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಚೆಂಡೆ ಮದ್ದಳೆ, ಉಳಿದಂತೆ ಪೂರಾ ಮಾತು. ನೋಡಬೇಕಾದ್ದೇನೂ ಇಲ್ಲದ್ದರಿಂದ ಕಣ್ಣು ರಸ್ತೆಯ ಮೇಲೇ ಇರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯ ಧ್ವನಿಮುದ್ರಣಗಳು ಗಂಟೆಗಟ್ಟಲೆ ಸಿಗುತ್ತವೆ. ವಾಲಿ ಕೇಳಿದ ಪ್ರಶ್ನೆಗೆ ರಾಮ ಏನು ಹೇಳಿಯಾನು ಎಂದು ಕಾಯುವ ಮನಸ್ಸು ತೂಕಡಿಸುವುದಿಲ್ಲ. ಕೇಳುತ್ತಾ ಕೇಳುತ್ತಾ ತಾನೂ ಒಂದು ಮಾತು ಸೇರಿಸುತ್ತದೆ. ಹೈಮಾದ ಬಯಲಿಗೆ ಇದಕ್ಕಿಂತ ಒಳ್ಳೆಯ ಸಹಪ್ರಯಾಣಿಕನನ್ನು ನಾನು ಕಾಣೆ. ಉತ್ತರ ಕರ್ನಾಟಕದವರಿಗೆ ತತ್ತ್ವಪದ, ಭಜನೆಗಳಿವೆ, ಬ್ಯಾರಿಗಳಿಗೆ ಅವರ ಹಾಡು, ಪ್ರವಚನಗಳಿವೆ. ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ವಾದಿ ಕಬೀರ್ ಬಿಡುವ ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು ಅಷ್ಟೆ.

ಸಲಾಲಾದ ಟ್ರಿಪ್ ಸಿಕ್ಕರೆ ಕರಾವಳಿಯವರ ಮುಖ ಅರಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಖರೀಫ್, ಅಂದರೆ ಜಿಟಿಜಿಟಿ ಮಳೆ ಮತ್ತು ಮಂಜಿನ ಕಾಲ. ಹಸಿರು ಗುಡ್ಡ, ತೆಂಗು, ಬಾಳೆ, ರಸ್ತೆ ಬದಿಯಲ್ಲಿ ಎಳನೀರಿನ ಅಂಗಡಿಗಳ ಸಾಲು. ಎರಡು ದಿನ ಬರಡು ನೆಲ ಕಂಡ ಕಣ್ಣಿಗೆ ಇದು ಊರಿನ ಹಾಗೆ ಕಾಣುವುದು ಸಂತೋಷವೂ ಹೌದು, ಸಂಕಟವೂ ಹೌದು.

ಮನೆಯ ಕಡೆಯ ಮಾತಿಗೆ ಬರೋಣ. ಒಮಾನಿನಲ್ಲಿ ವಾಟ್ಸ್‌ಆ್ಯಪ್ ಕರೆಗೆ ಬಹುಕಾಲದಿಂದ ನಿರ್ಬಂಧವಿದೆ. ಧ್ವನಿ ಸಂದೇಶಕ್ಕೆ ಇಲ್ಲ. 1980ರ ದಶಕದಲ್ಲಿ ಗಲ್ಫ್ ಕುಟುಂಬಗಳು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದವು. ಮತ್ತೆ ಮತ್ತೆ ಹಾಕಿ ಕೇಳುವುದು ಅದರ ಸುಖ. ಧ್ವನಿ ಸಂದೇಶಕ್ಕೂ ಆ ಗುಣವಿದೆ. ಅದಕ್ಕೆ ಒಂದೂವರೆ ಗಂಟೆಯ ಅಂತರವೂ ಲೆಕ್ಕಕ್ಕಿಲ್ಲ: ಮಗಳು ಸಂಜೆ ಹೇಳಿದ ಪದ್ಯವನ್ನು ಅಪ್ಪ ನಡುರಾತ್ರಿ ತುಮ್ರೈತ್‌ನಲ್ಲಿ ಕೇಳಬಹುದು. ಆದರೆ ಅದರಲ್ಲಿ ಏನಿರುತ್ತದೆ ಎಂಬುದು ದೊಡ್ಡದು. ದುಡ್ಡು ಬಂತು, ದುಡ್ಡು ಬರಲಿಲ್ಲ, ಛಾವಣಿ ಸೋರುತ್ತಿದೆ ಎಂಬಷ್ಟಕ್ಕೇ ಮಾತು ನಿಂತರೆ ಅಪ್ಪ ಎಂಬವನು ಮನೆಯಲ್ಲಿ ಬರೀ ಬ್ಯಾಂಕ್ ಖಾತೆಯಾಗಿ ಉಳಿಯುತ್ತಾನೆ. ದನ ಕರು ಹಾಕಿದ್ದು, ಪಕ್ಕದ ಮನೆಯ ಜಗಳ, ಜಾತ್ರೆಯ ತೇರು, ಇಂಥ ಕೆಲಸಕ್ಕೆ ಬಾರದ ಸುದ್ದಿಗಳೇ ಅವನನ್ನು ಮನೆಯವನಾಗಿ ಉಳಿಸುವುದು.

ಒಂಟಿತನವನ್ನು ಮನಸ್ಸಿನ ದೌರ್ಬಲ್ಯ ಎನ್ನುವವರು ಇನ್ನೂ ಇದ್ದಾರೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ ಹೊರಡಿಸಿದ ವರದಿ ಇದನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದೇ ಕರೆಯಿತು. ಸಾಮಾಜಿಕ ನಂಟು ಕಡಿದುಕೊಂಡವರ ಆಯಸ್ಸಿಗೆ ಆಗುವ ಹಾನಿ ದಿನಕ್ಕೆ 15 ಸಿಗರೇಟು ಸೇದುವವರದ್ದಕ್ಕೆ ಸಮ ಎಂದಿತು ಆ ವರದಿ. ಅದೇ ವರ್ಷ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾಮಾಜಿಕ ಸಂಬಂಧಗಳ ಕುರಿತು ನೇಮಿಸಿದ ಆಯೋಗಕ್ಕೂ ಅವರು ಸಹ ಅಧ್ಯಕ್ಷರಾದರು.

ಬೇಸರ ಒಂದೆರಡು ದಿನದಲ್ಲಿ ಕರಗುತ್ತದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಹಸಿವು ಸತ್ತರೆ, ಮನೆಯ ಫೋನೂ ಬೇಡವೆನಿಸಿದರೆ, ಬದುಕಿ ಏನು ಎಂಬ ಯೋಚನೆ ಸುಳಿದರೆ ಅದು ಕಾಯಿಲೆ. ವೈದ್ಯರ ಬಳಿ ಹೋಗಲೇಬೇಕು. ಮಸ್ಕತ್‌ನ ಅಮರಾತ್‌ನಲ್ಲಿ ಮನೋರೋಗಗಳ ಚಿಕಿತ್ಸೆಗೆಂದೇ ಅಲ್ ಮಸರ್ರಾ ಸರ್ಕಾರಿ ಆಸ್ಪತ್ರೆ ಇದೆ. ತುರ್ತು ಸಂದರ್ಭಕ್ಕೆ ಒಮಾನಿನ ಪೊಲೀಸ್ ಸಂಖ್ಯೆ 9999. ಊರಲ್ಲಿರುವ ಮನೆಯವರು ಗಂಡನ, ಮಗನ ಮಾತಿನ ಧಾಟಿ ಬದಲಾದದ್ದು ಗಮನಿಸಿದರೆ, ಏನು ಮಾಡಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್‌ಗೆ ಕರೆ ಮಾಡಿ ಕೇಳಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಕೇಂದ್ರ. ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ಮಸ್ಕತ್‌ನ ಕನ್ನಡ, ತುಳು, ಕೊಂಕಣಿ, ಬ್ಯಾರಿ ಸಂಘಟನೆಗಳಲ್ಲಿ ಒಂದು ವಿನಂತಿ. ರಾಜ್ಯೋತ್ಸವ, ಯಕ್ಷಗಾನ, ಇಫ್ತಾರ್ ಕೂಟ ಎಲ್ಲವನ್ನೂ ನೀವು ಪ್ರೀತಿಯಿಂದ ನಡೆಸುತ್ತೀರಿ. ಆದರೆ ಸಭಾಂಗಣದ ಕಾರ್ಯಕ್ರಮಕ್ಕೆ ಟ್ರೇಲರ್ ಚಾಲಕ ಬರಲಾರ. ಅವನ ಬಿಡುವಿಗೆ ದಿನಾಂಕವಿಲ್ಲ, ಗಾಡಿ ನಿಲ್ಲಿಸಲು ಜಾಗವೂ ಇಲ್ಲ. ವಾದಿ ಕಬೀರ್‌ನಲ್ಲಿ ಒಂದು ಕೋಣೆ ಹಿಡಿಯಿರಿ. ಸ್ನಾನಕ್ಕೆ ನೀರು, ಒಂದಿಷ್ಟು ಕನ್ನಡ ಪತ್ರಿಕೆ, ಒಂದು ಕೇರಂ ಬೋರ್ಡ್, ಚಹಾ ಕಾಯಿಸಲು ಒಲೆ ಇದ್ದರೆ ಸಾಕು. ರಾತ್ರಿ ಹನ್ನೊಂದಕ್ಕೆ ಬಂದವನಿಗೂ ಅದರ ಬಾಗಿಲು ತೆರೆಯುವಂತಿರಲಿ.